ಅಳು ಬಾರದ ಮಾತು

ಮೈಸೂರು
ಮೇ 2021

ಚಿ. ಸುಮಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮನೆಯ ಸುದ್ದಿಯೆಲ್ಲ ಅಮ್ಮನ ಫೋನಿನಲ್ಲಿ ನಿನಗೆ ಗೊತ್ತೇ ಇದೆ. ನೀನು ಪತ್ರದ ಅಂಚಿನಲ್ಲಿ ಇರುಕಿಸಿ ಬರೆದ ನಾಲ್ಕು ಸಾಲು ಮಾತ್ರ ನನ್ನನ್ನು ಕೂರಗೊಡುತ್ತಿಲ್ಲ. ಕೋವಿಡ್ ವಾರ್ಡಿನ ಹನ್ನೆರಡನೆಯ ಹಾಸಿಗೆಯ ಹೆಂಗಸು ಹೋದರು, ದೇಹವನ್ನು ಚೀಲಕ್ಕೆ ಹಾಕಿ ಜಿಪ್ ಎಳೆದೆ, ಮೈಮುಚ್ಚುವ ಪಿಪಿಇ ಕಿಟ್ ಬಿಚ್ಚಿ ಸ್ನಾನ ಮಾಡಿ ಚಿತ್ರಾನ್ನ ತಿಂದೆ, ರುಚಿಯಾಗಿತ್ತು, ಅಳು ಬರಲಿಲ್ಲ, ನಾನು ಏನಾಗಿಬಿಟ್ಟೆ ದೊಡ್ಡಮ್ಮಾ ಎಂದು ಕೇಳಿದ್ದೀಯೆ.

ಊಟದ ಮಾತು ಮೊದಲು ಮುಗಿಸುತ್ತೇನೆ. ಗಂಟೆಗಟ್ಟಲೆ ಕಿಟ್‌ನೊಳಗೆ ನೀರು ಕುಡಿಯದೆ, ಶೌಚಕ್ಕೂ ಹೋಗದೆ ನಿಂತ ದೇಹ ಅನ್ನ ಕೇಳುತ್ತದೆ. ತಿನ್ನು. ಅಳುವಿನ ಮಾತು ಅಷ್ಟು ಸಲೀಸಲ್ಲ.

ನನ್ನ ನರ್ಸ್ ಸೇವೆಯ ಬಹುಪಾಲು ಕಳೆದದ್ದು ಕ್ಷಯದ ವಾರ್ಡಿನಲ್ಲಿ. ಅಲ್ಲಿ ರೋಗಿಗಳು ತಿಂಗಳುಗಟ್ಟಲೆ ಇರುತ್ತಿದ್ದರು. ಸತ್ತರೆ ಮನೆಯವರು ಬಂದು ಕೂಗಾಡಿ ಅಳುತ್ತಿದ್ದರು, ನಮ್ಮ ಪಾಲಿನದನ್ನೂ ಅವರೇ ಅತ್ತುಬಿಡುತ್ತಿದ್ದರು ಎಂದು ಈಗ ಅನಿಸುತ್ತದೆ. ನಿನ್ನ ಮಂಡ್ಯದ ವಾರ್ಡಿನಲ್ಲಿ ಅಳುವವರಿಗೇ ಪ್ರವೇಶವಿಲ್ಲ. ಕೊನೆಯ ವಿಡಿಯೋ ಕರೆಗೆ ಮೊಬೈಲ್ ಹಿಡಿದು ನಿಲ್ಲುವವಳೂ ನೀನೇ, ಆಮೇಲೆ ಜಿಪ್ ಎಳೆಯುವವಳೂ ನೀನೇ.

ಕಳೆದ ವರ್ಷವನ್ನು ವಿಶ್ವ ಆರೋಗ್ಯ ಸಂಸ್ಥೆ ದಾದಿಯರ ವರ್ಷ ಎಂದು ಸಾರಿತ್ತು. ಮಾರ್ಚ್ 22ರ ಸಂಜೆ ನಮ್ಮ ಬೀದಿಯಲ್ಲೂ ತಟ್ಟೆ ಬಡಿದರು. ಹಾಗೆ ಬಡಿದವರೊಬ್ಬರು ಮರುವಾರವೇ ತಮ್ಮ ಬಾಡಿಗೆ ಕೋಣೆಯ ನರ್ಸ್ ಹುಡುಗಿಗೆ ಬೇರೆ ಕಡೆ ನೋಡಿಕೊಳ್ಳಲು ಹೇಳಿದರು. ಇರಲಿ.

ನಿನ್ನ ಅಜ್ಜಿ ಹೋದಾಗ ದವಡೆಗೆ ಬಟ್ಟೆ ಕಟ್ಟಿ, ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ಬಿಗಿದವಳು ನಾನು. ಎಂಥ ಗಟ್ಟಿಗಿತ್ತಿ ಎಂದರು ಎಲ್ಲರೂ. ನಿನ್ನ ದೊಡ್ಡಪ್ಪ ಮಾತ್ರ ಏನೂ ಅನ್ನದೆ ನನ್ನನ್ನೇ ನೋಡುತ್ತಿದ್ದರು. ನನಗೂ ಅಳು ಬಂದಿರಲಿಲ್ಲ. ಬಂದದ್ದು ಎಷ್ಟೋ ತಿಂಗಳ ಮೇಲೆ, ಪಡಿತರದ ಸಾಲಿನಲ್ಲಿ, ಸಕ್ಕರೆ ಮುಗಿಯಿತು ಎಂದು ಅಂಗಡಿಯವನು ಹೇಳಿದ ಗಳಿಗೆಯಲ್ಲಿ. ಸಕ್ಕರೆಗಾಗಿ ಅಳುತ್ತಿದ್ದಾಳೆಂದು ಯಾರೋ ತಮ್ಮ ಪಾಲಿನಲ್ಲಿ ಅರ್ಧ ಕೊಡಲು ಬಂದರು. ಇದನ್ನು ನಿನ್ನ ದೊಡ್ಡಪ್ಪನಿಗೆ ನಾನು ಹೇಳಲೇ ಇಲ್ಲ. ನಾನು ಒಣ ಹೆಂಗಸು ಎಂದುಕೊಂಡೇ ಅವರು ಹೋದರು.

ಹಾಗೆಂದು ನಿನಗೂ ತಡವಾಗಿ ಬಂದೇ ಬರುತ್ತದೆ ಎಂದು ಮಾತು ಕೊಡಲಾರೆ. ಬಾರದೆಯೂ ಇರಬಹುದು. ಅಳದವಳು ಕೆಟ್ಟವಳಾದಳು ಎಂದು ಮಾತ್ರ ಓದಿಕೊಳ್ಳಬೇಡ. ಮೈಮನಸ್ಸಿನ ದಣಿವು, ಕೆಲಸದಿಂದ ಮನಸ್ಸು ದೂರ ಸರಿಯುವುದು, ಮಾಡಿದ್ದೆಲ್ಲ ನಿಷ್ಫಲವೆನಿಸುವುದು, ಇವನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಎಂದು ವಿವರಿಸಿತು. ಕಾಯಿಲೆಯೆಂದಲ್ಲ, ಕೆಲಸದ ಒತ್ತಡದಿಂದ ಬರುವ ಸ್ಥಿತಿಯೆಂದು. ಕೆಲಸದಿಂದ ಬಂದದ್ದನ್ನು ನಿನ್ನ ಸ್ವಭಾವದ ಲೆಕ್ಕಕ್ಕೆ ಬರೆಯಬೇಡ.

ನನ್ನ ಬುದ್ಧಿಮಾತು ಹಳೆಯ ಕಾಲದ್ದು, ಬೇಕಾದರೆ ಬಿಡು. ನಿದ್ದೆ ಬಾರದೆಂದು ವಾರ್ಡಿನ ಕಪಾಟಿನ ಮಾತ್ರೆಗೆ ಕೈ ಹಾಕಬೇಡ. ಕೀಲಿ ನಮ್ಮ ಕೈಯಲ್ಲೇ ಇರುವುದು ನಮ್ಮಂಥವರಿಗೆ ಅಪಾಯ. ಮುಂದಿನ ಪಾಳಿಯವರಿಗೆ ಹ್ಯಾಂಡೋವರ್ ಮುಗಿದ ಮೇಲೆ ಜೊತೆಯವಳೊಬ್ಬಳಿಗಾದರೂ ಹೋದವರ ಹೆಸರು ಹೇಳು, ಹಾಸಿಗೆಯ ಸಂಖ್ಯೆಯಲ್ಲ. ನಿಮ್ಹಾನ್ಸ್‌ನವರ ಸಹಾಯವಾಣಿ ಇದೆ, 080-46110007. ಡ್ಯೂಟಿಗೆ ಹೊರಡಲೇ ಕಾಲು ಬಾರದಿದ್ದರೆ, ಬದುಕೇ ಬೇಡವೆನಿಸಿದರೆ, ಆ ದಿನವೇ ಫೋನ್ ಮಾಡು. ನಾಚಿಕೆಪಟ್ಟು ಮುಂದೂಡಬೇಡ. ನಮ್ಮ ಕಾಲದಲ್ಲಿ ಇಂಥದ್ದಿರಲಿಲ್ಲ, ಇದ್ದರೂ ನಾನು ಮಾಡುತ್ತಿದ್ದೆನೋ ಇಲ್ಲವೋ.

ಆ ಹೆಂಗಸಿನ ಹೆಸರೇನು? ಮುಂದಿನ ಪತ್ರದಲ್ಲಿ ಬರೆ. ಈ ಪತ್ರವನ್ನು ಅಮ್ಮನಿಗೆ ತೋರಿಸಬೇಡ, ಸಕ್ಕರೆಯ ವಿಷಯ ಅವಳಿಗೂ ಗೊತ್ತಿಲ್ಲ.

ನಿನ್ನ ದೊಡ್ಡಮ್ಮ