ಹಿಂದಿನ ಒಪ್ಪಂದದಿಂದ ಶುರು ಮಾಡು

ಪ್ರೀತಿಯ ತಂಗಿ,

ನೌಕಾಪಡೆಯ ರಫೇಲ್ ಖರೀದಿ ಬಗ್ಗೆ ನೀನು ಕಳಿಸಿದ ಬರಹ ಓದಿದೆ. ಭಾಷೆ ಸಲೀಸಾಗಿದೆ, ಎಲ್ಲೂ ತೊಡರುವುದಿಲ್ಲ. ಆ ವಿಷಯದಲ್ಲಿ ನಿನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ನನ್ನ ತಕರಾರು ಬೇರೆ. ಬರಹ ತಪ್ಪು ದಿನದಿಂದ ಶುರುವಾಗಿದೆ.

2025ರ ಏಪ್ರಿಲ್ 28. ಭಾರತ, ಫ್ರಾನ್ಸ್ ಸಹಿ ಹಾಕಿದವು. ನೌಕಾಪಡೆಗೆ ವಿಮಾನವಾಹಕ ನೌಕೆ ಮೇಲಿಂದ ಹಾರುವ 26 ರಫೇಲ್ ಮರೀನ್ ಯುದ್ಧವಿಮಾನ, ಸುಮಾರು 63,000 ಕೋಟಿ ರೂಪಾಯಿ. ಇದನ್ನು ಪೇಪರಿನವರು ಬರೆದಾಯಿತು, ಟಿವಿಯವರು ಕೂಗಿದ್ದೂ ಆಯಿತು. ನೀನೂ ಅಲ್ಲಿಂದಲೇ ಹೊರಟರೆ ನಿನ್ನ ಬರಹವನ್ನು ಯಾರಾದರೂ ಯಾಕೆ ಓದಬೇಕು? ಈ ವಿಮಾನ ನೌಕಾಪಡೆಗೆ ಯಾಕೆ ಬೇಕಾಯಿತು ಅನ್ನುವುದನ್ನು 'ಸೇನೆಯ ಆಧುನೀಕರಣದ ಭಾಗವಾಗಿ' ಅಂತ ಮೂರು ಪದದಲ್ಲಿ ಮುಗಿಸಿದ್ದೀಯ. ಕಥೆ ಇರುವುದೇ ಅಲ್ಲಿ.

ಶಸ್ತ್ರಾಸ್ತ್ರ ಖರೀದಿ ಬಗ್ಗೆ ಬರೆಯಲು ಕೂತಾಗ ನಾನು ಮೊದಲು ಕೇಳಿಕೊಳ್ಳುವುದು ಒಂದೇ ಪ್ರಶ್ನೆ. ಇದಕ್ಕಿಂತ ಹಿಂದಿನ ಒಪ್ಪಂದ ಯಾವುದು? ನಮ್ಮಂಥ ದೇಶದಲ್ಲಿ ಹೊಸ ಖರೀದಿ ಅನ್ನುವುದು ಹೆಚ್ಚಿನ ಸಲ ಹಳೇ ಖರೀದಿಯ ಬಾಕಿ ತೀರಿಸುವ ಕೆಲಸವೇ ಆಗಿರುತ್ತದೆ.

ಹಾಗಾಗಿ 2004ರ ಜನವರಿಗೆ ಹೋಗು. ರಷ್ಯಾದ ಅಡ್ಮಿರಲ್ ಗೋರ್ಷ್ಕೋವ್ ಅನ್ನುವ ಹಳೇ ಹಡಗನ್ನು ಪೂರ್ತಿ ಬದಲಾಯಿಸಿ ನಮಗೆ ವಿಮಾನವಾಹಕ ನೌಕೆ ಮಾಡಿಕೊಡುವ ಒಪ್ಪಂದ ಆಯಿತು. ಹಡಗು ಬಿಟ್ಟಿ, ಕೆಲಸಕ್ಕೆ ಮಾತ್ರ ದುಡ್ಡು: 97.4 ಕೋಟಿ ಡಾಲರ್. ಅದರ ಮೇಲೆ ಹಾರಿಸಲು 16 ಮಿಗ್-29ಕೆ ವಿಮಾನಗಳಿಗೆ ಬೇರೆ ಲೆಕ್ಕ. 2008ಕ್ಕೆ ಹಡಗು ಕೈಗೆ ಬರಬೇಕಿತ್ತು. ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು ಅಂತಾರಲ್ಲ, ಇಲ್ಲಿ ಎಣಿಸಲೇಬೇಕಿತ್ತು. ಒಳಗೆಲ್ಲ ಬಿಚ್ಚಿ ನೋಡಿದ ಮೇಲೆ ಕೆಲಸ ಅಂದಾಜಿಗಿಂತ ಎಷ್ಟೋ ಜಾಸ್ತಿ ಇದೆ ಅಂತ ಗೊತ್ತಾಯಿತು. ಅಷ್ಟು ಹೊತ್ತಿಗೆ ನಮ್ಮ ದುಡ್ಡು ಹೋಗಿತ್ತು, ಕೈಯಲ್ಲಿ ಹಳೇ ವಿರಾಟ್ ಬಿಟ್ಟರೆ ಬೇರೆ ವಿಮಾನವಾಹಕ ನೌಕೆಯೂ ಇರಲಿಲ್ಲ. ಹಿಂದೆ ಸರಿಯುವ ಹಾಗೇ ಇರಲಿಲ್ಲ. 2010ರಲ್ಲಿ ಬೆಲೆ ಸುಮಾರು 230 ಕೋಟಿ ಡಾಲರ್‌ಗೆ ಏರಿತು. ಸೆಕೆಂಡ್ ಹ್ಯಾಂಡ್ ಹಡಗಿಗೆ ಹೊಸದಕ್ಕಿಂತ ಶೇ 60ರಷ್ಟು ಜಾಸ್ತಿ ಕೊಡುತ್ತಿದ್ದೇವೆ ಅಂತ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ 2009ರಲ್ಲೇ ಹೇಳಿತ್ತು. 2012ರಲ್ಲಿ ಸಮುದ್ರದಲ್ಲಿ ಓಡಿಸಿ ನೋಡುವಾಗ ಬಾಯ್ಲರ್‌ಗಳು ಕೈಕೊಟ್ಟವು. ಕೊನೆಗೆ 2013ರ ನವೆಂಬರ್‌ನಲ್ಲಿ ಸೆವೆರೊದ್ವಿನ್ಸ್ಕ್‌ನಲ್ಲಿ ಅದು ಐಎನ್‌ಎಸ್ ವಿಕ್ರಮಾದಿತ್ಯ ಆಯಿತು. 2014ರ ಜನವರಿಯಲ್ಲಿ ನಮ್ಮ ಕಾರವಾರಕ್ಕೆ ಬಂತು.

ಈಗ ಅದರ ಜೊತೆ ಬಂದ ವಿಮಾನಗಳನ್ನು ನೋಡು. 2010ರಲ್ಲಿ ಇನ್ನೂ 29 ಸೇರಿಸಿ ಒಟ್ಟು 45 ಮಿಗ್-29ಕೆ ಕೊಂಡೆವು. 2016ರ ಸಿಎಜಿ ವರದಿ ಪ್ರಕಾರ ಅವು ಹಾರಲು ಸಿದ್ಧವಾಗಿರುತ್ತಿದ್ದ ಪ್ರಮಾಣ ಶೇ 15.93ರಿಂದ ಶೇ 37.63. ಹತ್ತು ವಿಮಾನ ನಿಂತಿದ್ದರೆ ಎದ್ದು ಹಾರುವುದು ನಾಲ್ಕೂ ಇಲ್ಲ. 65 ಎಂಜಿನ್‌ಗಳಲ್ಲಿ 40 ತೊಂದರೆಯಿಂದ ಸೇವೆಯಿಂದ ಹೊರಗೆ ಬಿದ್ದಿದ್ದವು. ಇಷ್ಟು ಓದಿದ ಮೇಲೆ 2025ರ 26 ರಫೇಲ್‌ಗೆ ಬಾ. ಈಗ ಓದುಗನಿಗೆ ಯಾಕೆ ಅನ್ನುವುದು ತಾನಾಗೇ ಗೊತ್ತಾಗುತ್ತದೆ. 'ಐತಿಹಾಸಿಕ' ಅನ್ನುವ ವಿಶೇಷಣವೂ ಬೇಡ, 'ಹಗರಣ' ಅನ್ನುವುದೂ ಬೇಡ.

(ಕಾರವಾರ ಅಂದ ಕೂಡಲೇ ಅಲ್ಲಿನ ನೌಕಾನೆಲೆಯ ಸೀಬರ್ಡ್ ಯೋಜನೆಗೆ ಊರು ಬಿಟ್ಟುಕೊಟ್ಟವರ ನೆನಪು ನಿನಗೂ ಬಂದಿರುತ್ತದೆ. ಅವರ ಪರಿಹಾರದ ಕೇಸುಗಳು ದಶಕಗಟ್ಟಲೆ ನಡೆದವು. ಅದು ಬೇರೆಯೇ ಒಂದು ಬರಹ, ಇದಕ್ಕಿಂತ ಮುಖ್ಯವಾದದ್ದೂ ಇರಬಹುದು. ಒಂದು ಪ್ಯಾರಾ ಮಾಡಿ ಇದರೊಳಗೆ ತುರುಕಬೇಡ.)

ಬೆಲೆಯ ಬಗ್ಗೆ ಒಂದು ಮಾತು. 63,000 ಕೋಟಿಯನ್ನು 26ರಿಂದ ಭಾಗಿಸಿ 'ಒಂದು ವಿಮಾನಕ್ಕೆ 2,400 ಕೋಟಿ' ಅಂತ ಬರೆದಿದ್ದೀಯ. ಅದನ್ನು ಹೊಡೆದು ಹಾಕು. ಆ ದುಡ್ಡಿನಲ್ಲಿ ಕ್ಷಿಪಣಿ, ಸಿಮ್ಯುಲೇಟರ್, ಪೈಲಟ್‌ಗಳ ತರಬೇತಿ, ವಿಮಾನ ಸುಸ್ಥಿತಿಯಲ್ಲಿಡುವ ಸೇವೆ, ವಾಯುಪಡೆಯ ಬಳಿ ಈಗಾಗಲೇ ಇರುವ ರಫೇಲ್‌ಗಳಿಗೆ ಬೇಕಾದ ಸಾಮಾನು ಕೂಡ ಸೇರಿವೆ. 2016ರ 36 ರಫೇಲ್ ಗಲಾಟೆಯಲ್ಲಿ ಆಗಿದ್ದೂ ಇದೇ. ಒಬ್ಬರು ಬರೀ ವಿಮಾನದ ಬೆಲೆ ಹೇಳುತ್ತಿದ್ದರು, ಇನ್ನೊಬ್ಬರು ಎಲ್ಲ ಸೇರಿಸಿದ್ದು ಹೇಳುತ್ತಿದ್ದರು. ಇಬ್ಬರೂ ಭಾಗಾಕಾರ ಸರಿಯಾಗೇ ಮಾಡಿದ್ದರು, ಜಗಳ ಮಾತ್ರ ಮುಗಿಯಲಿಲ್ಲ. ಯಾವ ಮೊತ್ತ ಬರೆದರೂ ಒಳಗೆ ಏನೇನು ಇದೆ ಅಂತ ಪಕ್ಕದಲ್ಲೇ ಬರೆ. ಹಾಗೆಯೇ ಅಮೆರಿಕದ ರಕ್ಷಣಾ ಮಾರಾಟ ಸಂಸ್ಥೆ ತನ್ನ ಸಂಸತ್ತಿಗೆ ತಿಳಿಸುವ ಮೊತ್ತ ಗರಿಷ್ಠ ಅಂದಾಜು ಮಾತ್ರ, ಒಪ್ಪಂದದ ಬೆಲೆಯಲ್ಲ. ಸ್ವೀಡನ್ನಿನ ಸಿಪ್ರಿ ಸಂಸ್ಥೆಯ ಲೆಕ್ಕವಂತೂ ದುಡ್ಡಿನ ಲೆಕ್ಕವೇ ಅಲ್ಲ. ಅದು ಬಂದು ತಲುಪಿದ ಶಸ್ತ್ರಗಳ ಪ್ರಮಾಣವನ್ನು ತನ್ನದೇ ಅಳತೆಯಲ್ಲಿ, ಐದೈದು ವರ್ಷ ಸೇರಿಸಿ ಎಣಿಸುತ್ತದೆ. ನಮ್ಮ ಆಮದಿನಲ್ಲಿ ರಷ್ಯಾದ ಪಾಲು 2010-14ರಲ್ಲಿ ಶೇ 72 ಇದ್ದದ್ದು 2020-24ರಲ್ಲಿ ಶೇ 36ಕ್ಕೆ ಇಳಿಯಿತು ಅಂತ ಬರೆಯುವಾಗ 'ಖರ್ಚು' ಅನ್ನಬೇಡ.

ಇನ್ನು ಬೊಫೋರ್ಸ್. ನೀನು ಅದನ್ನು ಒಂದೇ ಸಾಲಿನಲ್ಲಿ, ಲಂಚಕ್ಕೆ ಉದಾಹರಣೆಯಾಗಿ ತಂದಿದ್ದೀಯ. ಎಲ್ಲರೂ ಹಾಗೇ ತರುತ್ತಾರೆ. ನನಗೆ ಮಾತ್ರ ಅದರ ಉಳಿದರ್ಧವೇ ಜಾಸ್ತಿ ಮುಖ್ಯ ಅನ್ನಿಸುತ್ತದೆ.

1986ರ ಮಾರ್ಚ್ 24ರಂದು ಸ್ವೀಡನ್ನಿನ ಬೊಫೋರ್ಸ್ ಕಂಪನಿ ಜೊತೆ 410 ಹೊವಿಟ್ಜರ್ ಫಿರಂಗಿಗಳಿಗೆ 1,437 ಕೋಟಿ ರೂಪಾಯಿಯ ಒಪ್ಪಂದ. 1987ರ ಏಪ್ರಿಲ್ 16ರಂದು ಸ್ವೀಡಿಷ್ ರೇಡಿಯೊ ಲಂಚದ ಸುದ್ದಿ ಹೊರಗೆ ಹಾಕಿತು. ಹೇಳಲಾದ ಲಂಚ 64 ಕೋಟಿ. 1989ರ ಚುನಾವಣೆಯಲ್ಲಿ ರಾಜೀವ್ ಗಾಂಧಿ ಸರ್ಕಾರ ಹೋಯಿತು. ಕೇಸು ಕೋರ್ಟುಗಳಲ್ಲಿ ವರ್ಷಗಟ್ಟಲೆ ಎಳೆಯಿತು. 2004ರಲ್ಲಿ ದೆಹಲಿ ಹೈಕೋರ್ಟ್ ರಾಜೀವ್ ಗಾಂಧಿ ಮೇಲಿನ ಲಂಚದ ಆರೋಪವನ್ನು ರದ್ದು ಮಾಡಿತು. ಇದಿಷ್ಟು ಎಲ್ಲರಿಗೂ ಗೊತ್ತು.

ಆದರೆ ಫಿರಂಗಿಯ ಕಥೆ? 1999ರಲ್ಲಿ ಕಾರ್ಗಿಲ್‌ನ ಬೆಟ್ಟಗಳ ಮೇಲೆ ಗುಂಡು ಹಾಕಿದ್ದು ಅದೇ ಫಿರಂಗಿ. ಅಲ್ಲಿದ್ದವರು ಯಾರೂ ಅದನ್ನು ಕೆಟ್ಟದ್ದು ಅನ್ನಲಿಲ್ಲ. ಆದರೂ ಆ ಲಂಚದ ಗಲಾಟೆ ಆದ ಮೇಲೆ ದೆಹಲಿಯಲ್ಲಿ ಫಿರಂಗಿ ಫೈಲಿಗೆ ಸಹಿ ಹಾಕಲು ಯಾರಿಗೂ ಧೈರ್ಯ ಬರಲಿಲ್ಲ. ಟೆಂಡರ್ ಕರೆದರು, ಪರೀಕ್ಷೆ ಮಾಡಿದರು, ರದ್ದು ಮಾಡಿದರು. ದಕ್ಷಿಣ ಆಫ್ರಿಕಾದ ಡೆನೆಲ್ ಕಂಪನಿಯನ್ನು 2005ರಲ್ಲಿ ಕಪ್ಪುಪಟ್ಟಿಗೆ ಹಾಕಿದರು. ಸಿಂಗಪುರದ ಕಂಪನಿಯನ್ನು 2012ರಲ್ಲಿ ಹತ್ತು ವರ್ಷ ದೂರ ಇಟ್ಟರು. ಕೊನೆಗೆ 2016ರಲ್ಲಿ ಅಮೆರಿಕದಿಂದ 145 ಎಂ-777 ಫಿರಂಗಿ, 2017ರಲ್ಲಿ ಕೊರಿಯಾದ ತಂತ್ರಜ್ಞಾನದ 100 ಕೆ-9 ವಜ್ರ. ನಡುವೆ 30 ವರ್ಷ. ಈ ಮೂವತ್ತು ವರ್ಷದ ನಷ್ಟವನ್ನು ಯಾವ ಕೋರ್ಟೂ ಲೆಕ್ಕ ಹಾಕಲಿಲ್ಲ.

ಇದರಲ್ಲಿ ಇನ್ನೂ ಒಂದು ಎಳೆ ಇದೆ. 1986ರ ಒಪ್ಪಂದದಲ್ಲೇ ಫಿರಂಗಿ ತಯಾರಿಸುವ ತಂತ್ರಜ್ಞಾನವೂ ನಮಗೆ ಸಿಗಬೇಕೆಂದಿತ್ತು. ಅದರ ನಕ್ಷೆ, ದಾಖಲೆಗಳು ನಮ್ಮ ಆರ್ಡ್‌ನೆನ್ಸ್ ಕಾರ್ಖಾನೆಗಳ ಕಪಾಟಿನಲ್ಲೇ ಇದ್ದವು. ಎಷ್ಟೋ ವರ್ಷ ಆದ ಮೇಲೆ ಅವನ್ನು ತೆಗೆದು, ಬೆಳೆಸಿ, ಜಬಲ್‌ಪುರದಲ್ಲಿ ಧನುಷ್ ಫಿರಂಗಿ ಮಾಡಿದರು. ಮೊದಲ ಆರು ಸೇನೆಯ ಕೈ ಸೇರಿದ್ದು 2019ರ ಏಪ್ರಿಲ್‌ನಲ್ಲಿ. ದುಡ್ಡು ಕೊಟ್ಟು ತಂದ ಕಾಗದ ಅಷ್ಟು ಕಾಲ ಸುಮ್ನೆ ಬಿದ್ದಿತ್ತು ಅನ್ನುವುದು ನನಗೆ ಲಂಚದಷ್ಟೇ ಸಿಟ್ಟು ತರಿಸುತ್ತದೆ. ಇದರಲ್ಲಿ ಖಳನಾಯಕ ಇಲ್ಲ ನೋಡು, ಅದಕ್ಕೇ ಯಾರೂ ಬರೆಯುವುದಿಲ್ಲ.

ಹಾಗಂತ ಲಂಚದ ಬಗ್ಗೆ ಬರೆಯಬೇಡ ಅಂತಲ್ಲ. ಬರೆದರೆ ಕಾಗದ ಇಟ್ಟುಕೊಂಡು ಬರೆ. ಬೊಫೋರ್ಸ್ ಸುದ್ದಿ ನಿಂತಿದ್ದೇ ಜಿನೀವಾದಲ್ಲಿದ್ದ ಪತ್ರಕರ್ತೆ ಚಿತ್ರಾ ಸುಬ್ರಮಣಿಯಂ ಹೊರತಂದ ದಾಖಲೆಗಳ ಮೇಲೆ. ಅವನ್ನು ಕೊಟ್ಟವರು ಸ್ವೀಡನ್ನಿನ ಪೊಲೀಸ್ ಅಧಿಕಾರಿ ಸ್ಟೆನ್ ಲಿಂಡ್‌ಸ್ಟ್ರಾಮ್ ಅಂತ ಹೊರಗೆ ಬಂದಿದ್ದು 2012ರಲ್ಲಿ. ಅಂದರೆ 20 ವರ್ಷಕ್ಕೂ ಜಾಸ್ತಿ ಕಾಲ ಮೂಲದ ಹೆಸರನ್ನು ಕಾಪಾಡಿದರು. ಇದರಿಂದ ಇನ್ನೊಂದೂ ಕಲಿ: ನಮ್ಮಲ್ಲಿ 'ಗೋಪ್ಯ' ಅಂತ ಮುಚ್ಚಿದ್ದು ಮಾರುವ ದೇಶದಲ್ಲಿ ಹೆಚ್ಚಿನ ಸಲ ತೆರೆದೇ ಇರುತ್ತದೆ. ಸ್ವೀಡನ್ನಿನ ಲೆಕ್ಕ ತಪಾಸಣಾ ಕಚೇರಿ, ಫ್ರಾನ್ಸ್ ಸರ್ಕಾರ ತನ್ನ ಸಂಸತ್ತಿಗೆ ಕೊಡುವ ವಾರ್ಷಿಕ ರಫ್ತು ವರದಿ, ಅಮೆರಿಕದ ಪ್ರಕಟಣೆಗಳು, ಎಲ್ಲ ಹುಡುಕು. ಇಲ್ಲಿ ಸಿಎಜಿ ವರದಿ, ರಕ್ಷಣಾ ಸ್ಥಾಯಿ ಸಮಿತಿಯ ವರದಿ, ಸಂಸತ್ತಿನ ಪ್ರಶ್ನೋತ್ತರ ಓದು. ಬೇಸರ ಬರುತ್ತದೆ. ಬಂದರೂ ಓದು.

ಇನ್ನು ಎಂಜಿನ್ ವಿಷಯ. ಬೆಂಗಳೂರಿನಲ್ಲಿ ಕೂತು ಬರೆಯುವ ನಿನಗೆ ಇದಕ್ಕಿಂತ ಹತ್ತಿರದ್ದು ಬೇರೆ ಸಿಗುವುದಿಲ್ಲ. 1956ರಲ್ಲಿ ಜರ್ಮನಿಯ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ ಎಚ್‌ಎಎಲ್‌ಗೆ ಬಂದರು. 1961ರ ಜೂನ್‌ನಲ್ಲಿ ಅವರು ರೂಪಿಸಿದ ಯುದ್ಧವಿಮಾನ ಮಾರುತ್ ಹಾರಿತು. ಚೆಂದದ ವಿಮಾನ, ಆದರೆ ಎಂಜಿನ್ ಶಕ್ತಿ ಸಾಲದು. ಬೇಕಾದ ಎಂಜಿನ್ ಬೆಳೆಸಲು ಬ್ರಿಟಿಷ್ ಕಂಪನಿ ದುಡ್ಡು ಕೇಳಿತು, ನಾವು ಕೊಡಲಿಲ್ಲ. ಈಜಿಪ್ಟ್ ಜೊತೆಗಿನ ಪ್ರಯತ್ನವೂ ಕೈಗೂಡಲಿಲ್ಲ. 147 ವಿಮಾನ ಮಾಡಿ ನಿಲ್ಲಿಸಿದೆವು. ತೇಜಸ್‌ನಲ್ಲೂ ಸಿಕ್ಕಿಹಾಕಿಕೊಂಡದ್ದು ಅಲ್ಲೇ. ನಾವೇ ಬೆಳೆಸಿದ ಕಾವೇರಿ ಎಂಜಿನ್ ಕೂರಲಿಲ್ಲ, ಅಮೆರಿಕದ ಜಿಇ-404 ಬಂತು. 1998ರ ಪೋಖ್ರಾನ್ ಪರೀಕ್ಷೆ ಆದ ಮೇಲೆ ಅಮೆರಿಕ ನಿರ್ಬಂಧ ಹಾಕಿದಾಗ ಅಲ್ಲಿ ಕೆಲಸ ಮಾಡುತ್ತಿದ್ದ ನಮ್ಮ ಎಂಜಿನಿಯರ್‌ಗಳು ವಾಪಸ್ ಬರಬೇಕಾಯಿತು. 2021ರ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾದಲ್ಲಿ 83 ತೇಜಸ್‌ಗೆ (73 ಮಾರ್ಕ್-1ಎ, 10 ತರಬೇತಿ ವಿಮಾನ) ಒಪ್ಪಂದ ಆಯಿತು. ಆಗಸ್ಟ್‌ನಲ್ಲಿ 99 ಎಂಜಿನ್‌ಗೆ 5,375 ಕೋಟಿಯ ಆರ್ಡರ್ ಹೋಯಿತು. ಮೊದಲ ಎಂಜಿನ್ ಒಪ್ಪಿಸಿದ್ದು 2025ರ ಮಾರ್ಚ್‌ನಲ್ಲಿ. 'ಸ್ವದೇಶಿ' ಅಂತ ಬರೆಯುವ ಮುಂಚೆ ಎಂಜಿನ್ ಯಾರದು, ಬಿಡಿಭಾಗ ಯಾರ ಕೈಲಿ ಅಂತ ಕೇಳು. 'ಪರಾವಲಂಬನೆ' ಅಂತ ಬೈಯುವ ಮುಂಚೆಯೂ ಅದನ್ನೇ ಕೇಳು.

ಹೊರಗಿನಿಂದ ಕೊಳ್ಳುವುದೇ ತಪ್ಪು ಅನ್ನುವ ಧಾಟಿ ನಿನ್ನ ಕೊನೆಯ ಪುಟದಲ್ಲಿದೆ. ನನಗೆ ಒಪ್ಪಿಗೆಯಿಲ್ಲ. 1965ರ ಯುದ್ಧದಲ್ಲಿ ಅಮೆರಿಕ ಸರಬರಾಜು ನಿಲ್ಲಿಸಿತು. ಸೋವಿಯತ್ ಒಕ್ಕೂಟ ರೂಪಾಯಿಯಲ್ಲಿ, ಸಾಲದಲ್ಲಿ ಕೊಟ್ಟಿತು, ನಾಸಿಕ್‌ನಲ್ಲಿ ಮಿಗ್ ಮಾಡಲೂ ಬಿಟ್ಟಿತು. ಆಗಿನವರು ಇದ್ದ ದಾರಿಯಲ್ಲಿ ನಡೆದರು. 1963ರಲ್ಲಿ ಸೇರಿದ ಮಿಗ್-21ರ ಕೊನೆಯ ವಿಮಾನಗಳು ನಿವೃತ್ತಿ ಆಗಿದ್ದು 2025ರ ಸೆಪ್ಟೆಂಬರ್‌ನಲ್ಲಿ. ಅಷ್ಟು ದೀರ್ಘ ಕಾಲ ಅದನ್ನು ಹಾರಿಸಬೇಕಾಗಿ ಬಂದದ್ದಕ್ಕೆ ಕೊಂಡವರನ್ನು ಬೈಯುತ್ತೀಯಾ, ಬದಲಿ ತರದವರನ್ನಾ? ನಿರ್ಧಾರ ಮಾಡಿಕೊಂಡು ಬರೆ.

ಜನರ ಬಗ್ಗೆ ಇಷ್ಟೇ. ಕಂಪನಿಗಳು ಕಾರ್ಖಾನೆ ತೋರಿಸುತ್ತೇವೆ ಬನ್ನಿ ಅಂತ ಟಿಕೆಟ್ ಕಳಿಸುತ್ತವೆ. ಹೋದರೆ ಯಾರ ಖರ್ಚು ಅಂತ ಲೇಖನದಲ್ಲಿ ಬರೆ, ಇಲ್ಲಾಂದ್ರೆ ಹೋಗಬೇಡ. ನಿವೃತ್ತ ಅಧಿಕಾರಿಗಳು ತುಂಬಾ ಚೆನ್ನಾಗಿ ಮಾತಾಡುತ್ತಾರೆ. ಈಗ ಯಾರಿಗೆ ಸಲಹೆಗಾರರಾಗಿದ್ದೀರಿ ಸಾರ್ ಅಂತ ಮೊದಲೇ, ನಗುತ್ತಲೇ ಕೇಳಿಬಿಡು. ಅವರಿಗಿಂತ ಜಾಸ್ತಿ ಕೆಲಸಕ್ಕೆ ಬರುವವರು ವಿಮಾನ ಬಿಚ್ಚಿ ಕಟ್ಟಿದ ತಂತ್ರಜ್ಞರು. ಯಾವ ಭಾಗಕ್ಕೆ ಎಷ್ಟು ದಿನ ಕಾದೆವು ಅಂತ ಅವರಿಗೆ ನೆನಪಿರುತ್ತದೆ.

ವಿಕ್ರಮಾದಿತ್ಯ ಮತ್ತು ಮಿಗ್ ಭಾಗವನ್ನು ಮೊದಲು ತಂದು, ಭಾಗಾಕಾರ ತೆಗೆದು, ಇನ್ನೊಂದು ಸಲ ಬರೆದು ಕಳಿಸು. ಬೊಫೋರ್ಸ್ ಉದ್ದ ಆದರೆ ಆಗಲಿ, ಎಂಜಿನ್ ಭಾಗವನ್ನು ಬೇಕಾದರೆ ಬೇರೆ ಲೇಖನ ಮಾಡೋಣ. ಎಚ್‌ಎಎಲ್‌ನಲ್ಲಿ ಎಂಜಿನ್ ವಿಭಾಗದಲ್ಲಿದ್ದು ನಿವೃತ್ತರಾದವರೊಬ್ಬರು ನನಗೆ ಪರಿಚಯ. ನಿನ್ನ ನಂಬರ್ ಕೊಟ್ಟಿರುತ್ತೇನೆ. ಬೆಳಿಗ್ಗೆ ಹೊತ್ತು ಫೋನ್ ಮಾಡು, ಮಧ್ಯಾಹ್ನ ಮಲಗಿರುತ್ತಾರೆ.

ಇಂತಿ,
ನಿನ್ನ ಅಣ್ಣ