ಸಿಂಕ್‌ಗೆ ಚಹಾ ಸುರಿಯಬೇಡಿ

ವಾರ್ಡಿನ ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಐಸಿಯು ಪಕ್ಕದ ಕೈ ತೊಳೆಯೋ ಸಿಂಕ್‌ಗೆ ಯಾರೋ ಅರ್ಧ ಲೋಟ ಚಹಾ ಸುರಿದಿದ್ದರು. ಜಾಲರಿ ಸುತ್ತ ಸಕ್ಕರೆ ಅಂಟು, ಇರುವೆ ಸಾಲು. ಸುಮ್ನೆ ಗಲೀಜು ಅಂದುಕೊಳ್ಳಬೇಡಿ. ಪೈಪಿನೊಳಗಿನ ಲೋಳೆಯಲ್ಲಿ ಕ್ಲೆಬ್ಸಿಯೆಲ್ಲಾ, ಸ್ಯೂಡೋಮೊನಾಸ್‌ನಂಥ ಬ್ಯಾಕ್ಟೀರಿಯಾ ಬೀಡುಬಿಟ್ಟಿರುತ್ತವೆ. ಚಹಾ, ಎಳನೀರು, ಉಳಿದ ಗ್ಲೂಕೋಸ್ ಅವಕ್ಕೆ ಊಟ. ನಳ ಜೋರಾಗಿ ಬಿಟ್ಟರೆ ಹನಿ ಸಿಡಿದು ಪಕ್ಕದ ಇಂಜೆಕ್ಷನ್ ಟ್ರೇ ಮೇಲೆ ಬೀಳುತ್ತದೆ. ಈ ಬ್ಯಾಕ್ಟೀರಿಯಾಗಳಲ್ಲಿ ಕೆಲವಕ್ಕಂತೂ ಮೆರೊಪೆನೆಮ್‌ನಂಥ ಪ್ರಬಲ ಆಂಟಿಬಯಾಟಿಕ್ ಕೂಡ ನಾಟುವುದಿಲ್ಲ.

ಅಸಿನೆಟೋಬ್ಯಾಕ್ಟರ್ ಅನ್ನೋ ಇನ್ನೊಂದು ಬ್ಯಾಕ್ಟೀರಿಯಾ ಒಣಗಿದ ಮಂಚದ ಕಂಬಿ ಮೇಲೂ ವಾರಗಟ್ಟಲೆ ಬದುಕಬಲ್ಲದು. ರಾಯಚೂರಿನ ಬಿಸಿಲಿಗೆ ಎಲ್ಲ ಸಾಯ್ತದೆ ಅನ್ನೋ ಮಾತು ವಾರ್ಡಿನೊಳಗೆ ನಡೆಯಲ್ಲ! ಕಂಬಿ, ಮಾನಿಟರ್ ಗುಂಡಿ ಪ್ರತಿ ಪಾಳಿಯಲ್ಲೂ ಒರೆಸಿ.

ಮಾನ್ವಿ, ದೇವದುರ್ಗದಿಂದ ಬಂದ ರೋಗಿಯ ಮನೆಯವರನ್ನು ಗದರಬೇಡಿ. ಅವರಿಗೆ ಯಾರೂ ಹೇಳಿಲ್ಲ, ಅಲ್ವಾ? ಲೋಟ ತೊಳೆಯಲು ಹೊರಗಿನ ನಳ ತೋರಿಸಿ.