ಭಾನುವಾರದ ಸಿನಿಮಾ: ದಯವಿಟ್ಟು ಜೂಮ್ ಮಾಡಬೇಡಿ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಸಂಜೆ 4ಕ್ಕೆ ಹಾಸನದ ನಮ್ಮ ಮನೆ ಮಹಡಿಯಲ್ಲಿ ಜಪಾನಿನ ನಿರ್ದೇಶಕ ಕುರೊಸಾವಾ ಅವರ ‘ಹೈ ಅಂಡ್ ಲೋ’ (1963) ನೋಡೋಣ. 143 ನಿಮಿಷದ ಸಿನಿಮಾ. ಬೇಲೂರು, ಚಿಕ್ಕಮಗಳೂರಿಗೆ ವಾಪಸ್ ಹೋಗುವವರಿದ್ದಾರೆ, ಹಾಗಾಗಿ ಸರಿಯಾದ ಟೈಮಿಗೆ ಶುರು.

ಹೋದ ಸಲ ಪರದೆ ತುಂಬಲಿ ಅಂತ ಜೂಮ್ ಮಾಡಿ ಎರಡೂ ಬದಿ ಕತ್ತರಿಸಿ ಹೋಗಿತ್ತು. ನನಗೆ ತುಂಬ ಬೇಜಾರಾಯಿತು. ಈ ಚಿತ್ರದ ಅಗಲ ಎತ್ತರದ 2.35 ಪಟ್ಟು. ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದೇ ಬರುತ್ತದೆ, ಬರಲಿ. ಮೊದಲ ಸುಮಾರು ಒಂದು ಗಂಟೆ ಹೆಚ್ಚುಕಮ್ಮಿ ಒಂದೇ ಹಾಲ್‌ನಲ್ಲಿ ನಡೆಯುತ್ತದೆ. ಯಜಮಾನ ಒಂದು ಕಡೆ, ಪೊಲೀಸರು ಇನ್ನೊಂದು ಕಡೆ, ಮಗನ ಚಿಂತೆಯಲ್ಲಿ ತಲೆ ತಗ್ಗಿಸಿ ನಿಂತ ಡ್ರೈವರ್ ಮತ್ತೊಂದು ಕಡೆ. ಅಂಚು ಕತ್ತರಿಸಿದರೆ ಆ ದೂರವೇ ಕಾಣುವುದಿಲ್ಲ, ಅಲ್ವಾ?

ಕೊನೆಯಲ್ಲಿ ಸಮಾಧಾನವೂ ಇದೆ, ಎದೆ ಭಾರವೂ ಆಗುತ್ತದೆ. ಪರದೆ ಪೂರ್ತಿ ಕಪ್ಪಾಗುವವರೆಗೂ ಲೈಟ್ ಹಾಕಬೇಡಿ. ಮೊದಲೇ ನೋಡಿದವರು ಕೊನೆ ಹೇಳಬೇಡಿ. ಆಮೇಲೆ ಅರ್ಧ ಗಂಟೆ ಮಾತಾಡೋಣ, 7ಕ್ಕೆ ಹೊರಡಬಹುದು.

ಜಾಗ 15 ಜನಕ್ಕೆ ಮಾತ್ರ. ಶುಕ್ರವಾರ ರಾತ್ರಿಯೊಳಗೆ ‘ಬರ್ತೀನಿ’ ಅಂತ ಇಲ್ಲೇ ಹಾಕಿ. ಉದ್ದನೆಯ ಎಚ್‌ಡಿಎಂಐ ಕೇಬಲ್ ಇದ್ದವರು ತನ್ನಿ.